ಪೂರಿಂಗ್ ಆಂಟಿ ಬಾಯಿ ಬಿಟ್ಟ ಬುಧವಾರ

ಪುರಿಫಿಕಸಿಯೋನ್ ರಗಾಸಾ ಎಂಬ ಪೂರ್ತಿ ಹೆಸರು ಎರಡೇ ಕಡೆ ಬರೆದಿತ್ತು: ಒಂದು ಚರ್ಚಿನ ಪುಸ್ತಕದಲ್ಲಿ, ಇನ್ನೊಂದು ಮತದಾರರ ಪಟ್ಟಿಯಲ್ಲಿ. ಉಳಿದಂತೆ ವೈಲೋವಾ ಕ್ಯಾಂಪಿನ ಕೆಂಪು ಮಣ್ಣು ಮೆಟ್ಟಿದವರಿಗೆಲ್ಲ ಆಕೆ ಪೂರಿಂಗ್ ಆಂಟಿ. ಹೆಸರಿನಲ್ಲಿ ಪೂರಿ ಇದ್ದರೂ ಜೀವಮಾನದಲ್ಲಿ ಒಂದು ಪೂರಿ ಕರಿದವಳಲ್ಲ. ಆದರೆ ಶಾಲೆಯ ಊಟದ ಹಾಲ್‌ನಲ್ಲಿ ಮೂವತ್ತೆಂಟು ವರ್ಷ ಅನ್ನ ಬೇಯಿಸಿದ್ದಳು. ಹವಾಯಿಯ ಕವಾಯಿ ದ್ವೀಪದ ನಮ್ಮ ಈ ಮೂಲೆಯಲ್ಲಿ ಇವತ್ತು ಪೊಲೀಸ್ ಆಗಿರುವವನೂ, ಅವನು ಹಿಡಿಯಲು ಓಡಾಡುತ್ತಿರುವವನೂ ಇಬ್ಬರೂ ಆಕೆಯ ಸೌಟಿನ ಮುಂದೆ ಸಾಲು ನಿಂತು ಬೆಳೆದವರೇ.

ಕಬ್ಬಿನ ಕಂಪನಿ ಬಾಗಿಲು ಹಾಕಿ ಎಷ್ಟೋ ವರ್ಷವಾಯಿತು. ಗಿರಣಿಯ ಚಿಮಣಿ ಮಾತ್ರ, ಹೋಗಬೇಕೆಂದು ಯಾರೂ ಹೇಳದ ಅತಿಥಿಯ ಹಾಗೆ, ನಿಂತೇ ಇದೆ. ಕಂಪನಿ ಹೋದರೂ, ಅದು ಕೂಲಿಗಳಿಗೆಂದು ಕಟ್ಟಿಸಿದ ಕ್ಯಾಂಪಿನ ಜನ ಹೋಗಲಿಲ್ಲ. ಫಿಲಿಪೀನ್ಸಿನಿಂದ ಕಬ್ಬು ಕಡಿಯಲು ಬಂದವರ ಮಕ್ಕಳು, ಒಕಿನಾವಾದಿಂದ ಬಂದವರ ಮೊಮ್ಮಕ್ಕಳು, ಪೋರ್ಚುಗೀಸ್ ಮೇಸ್ತ್ರಿಗಳ ಮರಿಮಕ್ಕಳು, ಇವರೆಲ್ಲರಿಗಿಂತ ಮುಂಚಿನಿಂದ ಇದ್ದ ಹವಾಯಿಯವರು, ಎಲ್ಲ ಬೆರೆತು ಈಗ ಯಾರು ಯಾರ ಕಡೆಯವರೆಂದು ಹೇಳಲು ಮದುವೆ ಫೋಟೋಗಳನ್ನು ಹರಡಿಕೊಂಡು ಕೂರಬೇಕು.

ಪೂರಿಂಗ್‌ಗೆ ಆ ಊಟದ ಹಾಲ್‌ನಲ್ಲಿ ಎರಡು ರಾಜ್ಯಭಾರ. ಉಳಿದ ದಿನ ಅದು ಆಕೆಯ ಅಡುಗೆಮನೆ. ಚುನಾವಣೆಯ ದಿನ ಅದೇ ಆಕೆಯ ಮತಗಟ್ಟೆ. ಮೂವತ್ತನೇ ವಯಸ್ಸಿನಲ್ಲಿ ಮತಗಟ್ಟೆಯ ಕೆಲಸಕ್ಕೆ ಸೇರಿ, ನಲವತ್ತೆರಡಕ್ಕೆ ಅದರ ಮುಖ್ಯಸ್ಥೆಯಾದವಳು, ಎಪ್ಪತ್ತನಾಲ್ಕಾದರೂ ಆ ಕುರ್ಚಿ ಬಿಟ್ಟಿರಲಿಲ್ಲ. ಅಡುಗೆ ಕೆಲಸದಿಂದ ನಿವೃತ್ತಿಯಾದಾಗ ಹೂಮಾಲೆ ಹಾಕಿ ಕಳಿಸಿಕೊಟ್ಟರು. ಮತಗಟ್ಟೆಯಿಂದ ಆಕೆಯನ್ನು ಕಳಿಸಬಹುದೆಂಬ ಯೋಚನೆ ಯಾರಿಗೂ ಬರಲಿಲ್ಲ. ಬೆಳಗಿನ ಐದೂವರೆಗೆ ಬಂದು ಬಾಗಿಲಲ್ಲಿ ಕಾಲೊರಸು ಹಾಸಿ (ಕೆಂಪು ಮಣ್ಣಿನ ಹೆಜ್ಜೆ ಮತಪತ್ರದ ಮೇಲೆ ಬಿದ್ದರೆ ಯಂತ್ರ ಏನೆಂದು ಓದೀತು?), ಸಿಬ್ಬಂದಿಗೆ ಹುಳಿ ಮಾಂಸದ ಅಡೋಬೋ ಮತ್ತು ಅನ್ನದ ಪಾತ್ರೆ ಹಿಂದಿನ ಮೇಜಿನ ಮೇಲೆ ಇಟ್ಟು, ಏಳಕ್ಕೆ ಸರಿಯಾಗಿ ಬಾಗಿಲು ತೆಗೆದರೆ ಸಂಜೆ ಆರರವರೆಗೆ ಮತಗಟ್ಟೆಯಲ್ಲಿ ಮತಿಗೆಡದೆ ಕೂರುವವಳು ಇಡೀ ದ್ವೀಪದಲ್ಲಿ ಆಕೆ ಒಬ್ಬಳೇ ಎಂದು ಎಲ್ಲರೂ ಹೇಳುತ್ತಿದ್ದರು. ಆಕೆಯೂ ಅದನ್ನು ಅಲ್ಲಗಳೆಯುತ್ತಿರಲಿಲ್ಲ.

ಈ ಹೆಸರಿಗೆಲ್ಲ ಮೂಲ ಒಂದೇ ಮಾತು. "ಆಂಟಿ, ಯಾರಿಗೆ ಹಾಕ್ಲಿ?" ಎಂದು ಯಾರಾದರೂ ಕೇಳಿದರೆ, "ನಾನು ಹೇಳೋ ಹಾಗಿಲ್ಲಪ್ಪ." ಮತಗಟ್ಟೆಯಲ್ಲಿ ಹಾಗೆನ್ನುವುದು ನಿಯಮ. ಆದರೆ ಆಕೆ ಅದನ್ನು ಮೀನಿನ ಅಂಗಡಿಯಲ್ಲೂ ಹೇಳುತ್ತಿದ್ದಳು, ಚರ್ಚಿನ ಮೆಟ್ಟಿಲ ಮೇಲೂ ಹೇಳುತ್ತಿದ್ದಳು, ಕೊನೆಗೆ ಮನೆಯ ಊಟದ ಮೇಜಿನಲ್ಲೂ.

ಎರಡು ಸಾವಿರದ ಹದಿನೆಂಟರ ಚುನಾವಣೆಯಲ್ಲಿ ಮತಪತ್ರದ ಮೇಲೆ ಒಂದು ಪ್ರಶ್ನೆ ಬರುವುದಿತ್ತು: ರಾಜ್ಯದ ಸಂವಿಧಾನಕ್ಕೆ ತಿದ್ದುಪಡಿ ಸೂಚಿಸಲು ಒಂದು ಸಂವಿಧಾನ ಸಭೆ ಕರೆಯಬೇಕೆ? ಹೌದು, ಇಲ್ಲ. ನಮ್ಮ ಹವಾಯಿಯ ಸಂವಿಧಾನದ ವಿಶೇಷವೇ ಇದು. ಹತ್ತು ವರ್ಷಕ್ಕೊಮ್ಮೆ ಜನರ ಮುಂದೆ ನಿಂತು "ನನ್ನನ್ನು ತಿದ್ದಬೇಕೆ?" ಎಂದು ತಾನೇ ಕೇಳುತ್ತದೆ. ಇಷ್ಟು ವಿನಯದ ಪುಸ್ತಕ ಇನ್ನೊಂದಿರಲಾರದು. ಅಡುಗೆಯವರಲ್ಲೂ ಸಿಗುವುದು ಕಷ್ಟ. ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ ಅಂಥದೊಂದು ಸಭೆ ಸೇರಿತ್ತು. ಮೇಷ್ಟ್ರುಗಳು, ಗೃಹಿಣಿಯರು, ಕಾಲೇಜು ಮುಗಿಸಿ ಮೀಸೆ ಚಿಗುರುತ್ತಿದ್ದವರು ಕೂತು ಬರೆದದ್ದನ್ನು ಜನ ಒಪ್ಪಿದರು. ಹವಾಯಿ ಭಾಷೆಗೆ ರಾಜ್ಯಭಾಷೆಯ ಪಟ್ಟ ಸಿಕ್ಕಿದ್ದೇ ಆಗ. ಅಲ್ಲಿಂದೀಚೆಗೆ ಎಷ್ಟು ಸಲ ಕೇಳಿದರೂ ಸಭೆ ಸೇರಲಿಲ್ಲ.

ತೊಂಬತ್ತಾರರಲ್ಲಿ ಒಂದು ಸಲ ಸೇರಿಯೇಬಿಡುತ್ತಿತ್ತು. ಆಗ ಪೂರಿಂಗ್‌ಳ ಗಂಡ ಮಾರ್ಸೆಲೋ ಇನ್ನೂ ಇದ್ದ, ಯೂನಿಯನ್ನಿನ ಕಟ್ಟಾಳು. "ಇಲ್ಲ ಅಂತ ಹಾಕು, ಇಲ್ದಿದ್ರೆ ಇರೋ ಹಕ್ಕೂ ಕಳ್ಕೋತೀವಿ" ಎಂದ. ಆಕೆಯ ಅಣ್ಣ, "ಹೌದು ಅಂತ ಹಾಕು, ಇಲ್ಲದ ಹಕ್ಕು ಪಡ್ಕೋಬೇಕು" ಎಂದ. ಗಂಡನಿಗೂ ನೋವಾಗಬಾರದು, ಅಣ್ಣನಿಗೂ ನೋವಾಗಬಾರದು ಎಂದು ಪೂರಿಂಗ್ ಎರಡೂ ಚೌಕ ಖಾಲಿ ಬಿಟ್ಟು ಬಂದಳು. ನಮ್ಮ ಕಡೆ ದೊಡ್ಡವರ ಎದುರು ಅಭಿಪ್ರಾಯ ಹೇಳುವುದೇ ನಾಚಿಕೆಗೇಡು, ಸುಮ್ಮನಿರುವುದು ಸಂಸ್ಕಾರ. ಆಕೆಯಂಥ ಸಂಸ್ಕಾರವಂತರು ರಾಜ್ಯದಲ್ಲಿ ನಲವತ್ತೈದು ಸಾವಿರ ಜನ ಇದ್ದರು ಎಂಬುದು ಎಣಿಕೆಯಾದ ಮೇಲೆ ತಿಳಿಯಿತು. 'ಹೌದು' ಎಂದವರು 'ಇಲ್ಲ' ಎಂದವರಿಗಿಂತ ಕೆಲವು ಸಾವಿರ ಹೆಚ್ಚಿದ್ದರು. ಆದರೆ ಖಾಲಿ ಬಿಟ್ಟವರನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ನ್ಯಾಯಾಲಯ ಹೇಳಿತು. ಹಿಡಿದ ಮೇಲೆ 'ಹೌದು' ಅರ್ಧಕ್ಕೆ ಮುಟ್ಟಲಿಲ್ಲ. ಖಾಲಿ ಎಂದರೆ 'ಇಲ್ಲ' ಎಂದಾಯಿತು.

ರೇಡಿಯೋದಲ್ಲಿ ಇದನ್ನು ಕೇಳಿದ ದಿನ ಮಾರ್ಸೆಲೋ ಹೊಟ್ಟೆ ಹಿಡಿದು ನಕ್ಕ. "ಅಂತೂ ನನ್ ಕಡೆಗೇ ಹಾಕ್ದೆಯಲ್ಲೇ! ಒಂದೇ ಮನೇಲಿ ನಂಗೆ ಎರಡು ವೋಟು!"

ಆಕೆ ನಗಲಿಲ್ಲ. ತನ್ನ ಮೌನವನ್ನು ಯಾರೋ ತನ್ನನ್ನು ಕೇಳದೆ ಎತ್ತಿಕೊಂಡು ಹೋಗಿ ಖರ್ಚು ಮಾಡಿದಂತೆನಿಸಿತು. ಆಮೇಲೆ ಎರಡು ಸಲ ಪ್ರಶ್ನೆ ಬಂದಾಗ, ಹೇಗೂ ಖಾಲಿ ಬಿಟ್ಟರೂ ಅದೇ ತಾನೆ ಎಂದು ಮಾರ್ಸೆಲೋ ಹೇಳಿದ ಹಾಗೆ 'ಇಲ್ಲ'ಕ್ಕೆ ಮಸಿ ತುಂಬಿದಳು. ಈಗ ಅವನು ಹೋಗಿ ಏಳು ವರ್ಷ.

ಪ್ರತಿ ಬುಧವಾರ ಅದೇ ಹಾಲ್‌ನಲ್ಲಿ ಕ್ಯಾಂಪಿನ ಹಿರಿಯರ ಸಂಘದ ಊಟ. ಅಡುಗೆ ಮತ್ತೆ ಪೂರಿಂಗ್‌ಳದೇ. ಸಂಬಳವಿಲ್ಲದ್ದರಿಂದ ಯಾರೂ ಆಕೆಗೆ ಎದುರಾಡುತ್ತಿರಲಿಲ್ಲ. ಅಕ್ಟೋಬರಿನ ಮೊದಲ ಬುಧವಾರ ಕೋಳಿ ಹೆಕ್ಕಾ ಬಡಿಸುತ್ತಾ ಆಕೆ ಮೇಜಿನ ಮಾತಿಗೆ ಕಿವಿಗೊಟ್ಟಳು.

"ಆ ಸಂವಿಧಾನದ ಪ್ರಶ್ನೆ ನಂಗೆ ತಲೆಗೇ ಹೋಗಲ್ಲಪ್ಪ. ಖಾಲಿ ಬಿಟ್ಬಿಡ್ತೀನಿ" ಎಂದಳು ತ್ಸುರುಕೊ ಹಿಗಾ. ಪೂರಿಂಗ್‌ಳ ಜೊತೆ ಒಂದನೇ ಕ್ಲಾಸಿನಿಂದ ಜಡೆ ಎಳೆದಾಡಿಕೊಂಡು ಬೆಳೆದ ಗೆಳತಿ.

"ನಾನೂ ಅಷ್ಟೇ. ಯಾಕೆ ಸುಮ್ನೆ ಯಾರ್ ಹತ್ರಾನೋ ನಿಷ್ಠುರ" ಎಂದರು ಪಕ್ಕದವರು. ಅವರ ಪಕ್ಕದವರೂ ಅದೇ ಹೇಳಿದರು.

ಪೂರಿಂಗ್‌ಳ ಕೈಯಲ್ಲಿ ಸೌಟು ನಿಂತಿತು. ಮಾರನೆಯ ದಿನವೇ ಕೌಂಟಿಯ ಚುನಾವಣಾ ಕಚೇರಿಗೆ ಫೋನು ಮಾಡಿ, ಖಾಲಿ ಬಿಟ್ಟರೆ ಏನಾಗುತ್ತದೆಂದು ತಾನು ಜನಕ್ಕೆ ಹೇಳಬಹುದೇ ಎಂದು ಕೇಳಿದಳು.

"ಧಾರಾಳವಾಗಿ ಹೇಳಿ ಆಂಟಿ, ಅದು ಇದ್ದಿದ್ದೇ ಅಲ್ವಾ" ಎಂದಳು ಫೋನಿನ ಹುಡುಗಿ. "ಆದ್ರೆ ಹೌದು ಒಳ್ಳೇದು, ಇಲ್ಲ ಒಳ್ಳೇದು ಅಂತ ಮಾತ್ರ ಒಂದಕ್ಷರ ಬೇಡ. ನೀವು ಮತಗಟ್ಟೆ ನಡೆಸೋರು."

"ನಂಗೇ ಪಾಠಾನಾ ಮಗಳೇ? ನೀನು ಹುಟ್ಟೋಕ್ ಮುಂಚೆಯಿಂದ ನಾನು ಒಂದಕ್ಷರ ಹೇಳಿಲ್ಲ."

ಮುಂದಿನ ಬುಧವಾರ ಹೇಳಿದಳು. ಯಾರೂ ಕೇಳಿಸಿಕೊಳ್ಳಲಿಲ್ಲ. ಖಾಲಿ ಎಂದರೆ ಖಾಲಿ, ಅದು ಹೇಗೆ 'ಇಲ್ಲ' ಆಗುತ್ತದೆ ಎಂದು ಊಟ ಮುಂದುವರಿಸಿದರು. ಮೂವತ್ತೆಂಟು ವರ್ಷ ಮಕ್ಕಳಿಗೆ ತರಕಾರಿ ತಿನ್ನಿಸಿದವಳಿಗೆ, ಬಾಯಿಗೆ ಹಿಡಿದರೆ ಉಗುಳುವವರಿಗೆ ಯಾವುದರೊಳಗೆ ಬಚ್ಚಿಟ್ಟು ಕೊಡಬೇಕೆಂದು ಗೊತ್ತಿತ್ತು.

ಮೂರನೇ ಬುಧವಾರ, ತಟ್ಟೆ ಮುಂದಿಡುವ ಮೊದಲು ಎಲ್ಲರಿಗೂ ಒಂದೊಂದು ಚೀಟಿ ಬಂತು. 'ಬುಧವಾರದ ಊಟದ ಪಟ್ಟಿಯನ್ನು ತಿದ್ದಲು ಒಂದು ಸಭೆ ಕರೆಯಬೇಕೆ? ಹೌದು. ಇಲ್ಲ.' ಊಟದ ಪಟ್ಟಿ ಹದಿನಾಲ್ಕು ವರ್ಷದಿಂದ ಬದಲಾಗಿರಲಿಲ್ಲ. ಮೊದಲ ವಾರ ಹೆಕ್ಕಾ, ಎರಡನೇ ವಾರ ಶೋಯೂ ಕೋಳಿ, ಮೂರನೇ ವಾರ ಹಾಗಲಕಾಯಿ ಬದನೆಕಾಯಿಯ ಪಿನಕ್ಬೆಟ್, ನಾಲ್ಕನೇ ವಾರ ಅಡೋಬೋ.

"ಇದೇನು ಆಂಟಿ, ಅವರಿಗೆ ತಿದ್ದುಪಡಿ, ನಮಗೆ ತಿಂದುಪಡಿನಾ?" ಎಂದ ಮೋಕಿ ಫ್ರೇಯ್ಟಸ್. ಅರವತ್ತು ದಾಟಿದ, ಯಾವಾಗಲೂ ಹಲ್ಲು ಕಿರಿಯುವ ಆಸಾಮಿ. ಮತಗಟ್ಟೆಯಲ್ಲಿ ಪೂರಿಂಗ್‌ಳ ಬಲಗೈ.

"ಬಾಯ್ಮುಚ್ಕೊಂಡು ಚೌಕ ತುಂಬು."

ತುಂಬಿದರು. ಮೋಕಿ ಎಣಿಸಿದ. 'ಹೌದು' ಹದಿಮೂರು, 'ಇಲ್ಲ' ಒಂಬತ್ತು, ಖಾಲಿ ಒಂಬತ್ತು. ಹಾಗಲಕಾಯಿಯಿಂದ ಬಿಡುಗಡೆ ಸಿಕ್ಕಿತೆಂದು ಹದಿಮೂರು ಜನ ಚಪ್ಪಾಳೆ ತಟ್ಟಿದರು. ಪೂರಿಂಗ್ ಎದ್ದು ನಿಂತು ಮತಗಟ್ಟೆಯ ದನಿಯಲ್ಲಿ ಹೇಳಿದಳು: "ಪ್ರಸ್ತಾಪ ಬಿದ್ದುಹೋಯ್ತು. ಹೌದು ಹದಿಮೂರು, ಇಲ್ಲ ಹದಿನೆಂಟು. ಊಟಕ್ಕೆ ಪಿನಕ್ಬೆಟ್."

ಗಲಾಟೆ ಎದ್ದಿತು.

"ಹದಿನೆಂಟು ಎಲ್ಲಿಂದ ಬಂತೇ? ನಾನು ಇಲ್ಲ ಅಂತ ಹಾಕೇ ಇಲ್ಲ!" ತ್ಸುರುಕೊ ಮೇಜು ಗುದ್ದಿದಳು.

"ಹೌದು ಅಂತ ಹಾಕಿದ್ಯಾ?"

"ಅದೂ ಹಾಕಿಲ್ಲ. ನಿಂಗೆ ಬೇಜಾರಾಗತ್ತೆ ಅಂತ ಖಾಲಿ ಬಿಟ್ಟೆ!"

"ನೋಡು, ಬೇಜಾರಾಗ್ಬಾರದು ಅಂತ ಬಿಟ್ಟಿದ್ದಕ್ಕೆ ಹಾಗಲಕಾಯಿ ತಿನ್ನು ಈಗ."

"ಅನ್ಯಾಯ! ಹದಿನಾಲ್ಕು ವರ್ಷದಿಂದ ಆ ಕಹಿ ನುಂಗ್ತಿದೀನಿ ನಾನು!"

"ಹದಿನಾಲ್ಕು ವರ್ಷದಿಂದ ಬಡಿಸ್ತಿದೀನಿ, ಒಂದ್ಸಲಾನಾದ್ರೂ ಬಾಯ್ಬಿಟ್ಟು ಹೇಳಿದ್ಯಾ?"

ಅಷ್ಟರಲ್ಲಿ ಕಿಟಕಿ ಪಕ್ಕದ ಕುರ್ಚಿಯಿಂದ ಕೋಲು ನೆಲಕ್ಕೆ ಬಡಿದ ಸದ್ದಾಯಿತು. ಯುಸೇಬಿಯೋ ಗಂಪೋನ್, ಎಂಬತ್ತೆರಡು, ಯೂನಿಯನ್ನಿನ ಹಳೆಯ ಹುಲಿ. ಕ್ಯಾಂಪಿನವರಿಗೆಲ್ಲ ಆತ ಮಾನೋಂಗ್, ಎಂದರೆ ಅಣ್ಣ. ಮುಷ್ಕರದ ಕಾಲದಲ್ಲಿ ಐನೂರು ಜನಕ್ಕೆ ಗಂಜಿ ಕಾಯಿಸಿದವನು. ಹಾಗಾಗಿ ದ್ವೀಪದಲ್ಲಿ ಪೂರಿಂಗ್‌ಳ ಅಡುಗೆಗೆ ಉಪ್ಪು ಕಡಿಮೆ ಎನ್ನುವ ಧೈರ್ಯ ಇದ್ದದ್ದು ಅವನೊಬ್ಬನಿಗೆ.

"ಪೂರಿಂಗ್, ಇದು ಪಾಠ ಅಲ್ಲ, ಪ್ರಚಾರ. ಖಾಲಿ ಬಿಡೋರನ್ನ ಹೆದರಿಸಿ 'ಹೌದು' ಕಡೆ ಅಟ್ತಿದೀಯ."

"ನಾನು ಯಾರ ಕಡೇನೂ ಅಟ್ತಿಲ್ಲ ಮಾನೋಂಗ್. ಇಲ್ಲ ಅನ್ಬೇಕು ಅನ್ಸಿದ್ರೆ ಇಲ್ಲ ಅನ್ನಿ. ಗೊತ್ತಿದ್ದು ಅನ್ನಿ ಅಷ್ಟೇ."

"ಆ ಪುಸ್ತಕದಲ್ಲಿ ನಿನ್ನ ಪಿಂಚಣಿ ಬರೆದಿದೆ. ಯೂನಿಯನ್ ಕಟ್ಟೋ ಹಕ್ಕು ಬರೆದಿದೆ. ಬಾಗಿಲು ತೆಗೆದ್ರೆ ಬರೋರು ಯಾರು? ನಮ್ಮಂಥೋರಾ? ಹೊರಗಿನ ದುಡ್ಡಿನೋರು ಬರ್ತಾರೆ. ಒಂದೊಂದೇ ಸಾಲು ಹೊಡೆದು ಹಾಕ್ತಾರೆ. ಆಮೇಲೆ ನಿನ್ನ ಹಾಗಲಕಾಯಿಗೂ ಗತಿ ಇರಲ್ಲ."

ಮಾತಿನಲ್ಲಿ ತೂಕವಿತ್ತು. ಕೆಲವರು ತಲೆದೂಗಿದರು. ಅವನು ಮುಂದುವರಿಸಿದ: "ಮತಗಟ್ಟೆ ಕುರ್ಚಿ ಮೇಲೆ ಕೂರೋಳು ಹಿಂಗೆ ಆಟ ಆಡ್ಬಾರದು. ನಾನು ಕಚೇರಿಗೆ ಕಾಗದ ಬರೀತೀನಿ."

"ಬರೀರಿ. ಬೇಕಾದ್ರೆ ಪೆನ್ನು ನಾನೇ ಕೊಡ್ತೀನಿ."

"ಅದೆಲ್ಲ ಇರ್ಲಿ" ಎಂದಳು ತ್ಸುರುಕೊ. "ನೀನೇನು ಹಾಕ್ತೀಯ ಹೇಳು. ನೀನು ಹೌದು ಅಂದ್ರೆ ಹೌದು, ಇಲ್ಲ ಅಂದ್ರೆ ಇಲ್ಲ. ಮುಗೀತು."

"ನಾನು ಹೇಳೋ ಹಾಗಿಲ್ಲ."

ತ್ಸುರುಕೊ ಗೆಳತಿಯ ಮುಖವನ್ನೇ ನೋಡಿದಳು. ಹಾಗಲಕಾಯಿಯ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಅರವತ್ತೆಂಟು ವರ್ಷದ ಸ್ನೇಹ. ಒಂದು ವಿಷ್ಯದಲ್ಲೂ ನಿನ್ನ ಮನಸ್ಸು ಏನು ಅಂತ ನಂಗೆ ಗೊತ್ತಿಲ್ಲ. ನಮ್ಮನ್ನ ಬೈತೀಯಲ್ಲೇ ಖಾಲಿ ಬಿಡ್ತೀರ ಅಂತ. ನೀನೇ ಒಂದು ಖಾಲಿ ಚೀಟಿ."

ನಕ್ಕವರು ಇಬ್ಬರೋ ಮೂವರೋ. ಪೂರಿಂಗ್ ಒಳಗೆ ಹೋಗಿ ಪಿನಕ್ಬೆಟ್ ತಂದು ಎಲ್ಲರಿಗೂ ಬಡಿಸಿದಳು. ತ್ಸುರುಕೊಗೆ ಎರಡು ಸೌಟು.

ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಮನೆಗೆ ಹೋಗದೆ ಆಕೆ ಹಳೇ ಕಬ್ಬಿನ ದಾರಿ ಹಿಡಿದಳು. ಕ್ಯಾಂಪಿನಿಂದ ಸಮುದ್ರಕ್ಕೆ ಹತ್ತು ನಿಮಿಷದ ನಡಿಗೆ. ಚಿಕ್ಕವಳಿದ್ದಾಗ ಅಮ್ಮನ ಜೊತೆ ಬಕೆಟ್ ಹಿಡಿದು ಇದೇ ದಾರಿಯಲ್ಲಿ ಹೋಗಿ ಲಿಮು ಆಯ್ದು ತರುತ್ತಿದ್ದಳು. ಆ ಕಡಲಪಾಚಿಗೆ ಟೊಮೆಟೊ, ಈರುಳ್ಳಿ ಬೆರೆಸಿದರೆ ಒಂದು ಪಾವು ಅನ್ನ ಹೆಚ್ಚಿಗೆ ಬೇಕಾಗುತ್ತಿತ್ತು. ಆಗ ದಾರಿಗೆ ಕಂಪನಿಯ ಬೇಲಿ. ಕಾವಲುಗಾರ ಗುರುತಿನವನಾದರೆ ಬಿಡುತ್ತಿದ್ದ, ಇಲ್ಲದಿದ್ದರೆ ಅಟ್ಟುತ್ತಿದ್ದ. ಈಗ ಭೂಮಿ ಯಾರೋ ದೂರದ ಶ್ರೀಮಂತರದ್ದು. ವರ್ಷಕ್ಕೆ ಎರಡು ವಾರ ಬರುತ್ತಾರಂತೆ. ಕಬ್ಬಿಣದ ಗೇಟು, ಹಿತ್ತಾಳೆಯ ಬೀಗ. ಸಮುದ್ರ ಎಲ್ಲರದ್ದೇ, ಹೋಗುವ ದಾರಿ ಮಾತ್ರ ಅವರದ್ದು. ಕ್ಯಾಂಪಿನವರು ಲಿಮು ಬೇಕೆಂದರೆ ಮೂರು ಮೈಲಿ ಸುತ್ತಬೇಕು.

ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತಾಗ ಆಕೆಗೆ ಎಪ್ಪತ್ತೆಂಟರ ಒಂದು ಸಂಜೆ ನೆನಪಾಯಿತು. ಸಂವಿಧಾನ ಸಭೆಯ ಸದಸ್ಯರು ಊರೂರಿಗೆ ಬಂದು ಜನರ ಮಾತು ಕೇಳುತ್ತಿದ್ದ ಕಾಲ. ವೈಲೋವಾಗೂ ಬಂದರು, ಅದೇ ಊಟದ ಹಾಲ್‌ಗೆ. ಪೂರಿಂಗ್ ಕಾಫಿ ಕೊಡಲು ನಿಂತಿದ್ದಳು. ಕನ್ನಡಕದ ಒಬ್ಬ ಹೆಂಗಸು ಲೋಟ ತೆಗೆದುಕೊಳ್ಳುತ್ತಾ ಕೇಳಿದ್ದಳು: "ನಿಮಗೇನು ಬೇಕಮ್ಮ ಈ ಸಂವಿಧಾನದಲ್ಲಿ?" ಪೂರಿಂಗ್‌ಳ ನಾಲಿಗೆಯ ತುದಿಗೇ ಬಂದಿತ್ತು: ಸಮುದ್ರಕ್ಕೆ ಹೋಗುವ ದಾರಿಗೆ ಯಾರೂ ಬೀಗ ಹಾಕಬಾರದು. ಒಂದೇ ಸಾಲು. ಆದರೆ ಹಿಂದೆ ಮಾರ್ಸೆಲೋ ಕೂತಿದ್ದ, ಕಂಪನಿಯ ಮ್ಯಾನೇಜರು ಕೂತಿದ್ದ, ಪಾದ್ರಿ ಕೂತಿದ್ದರು. "ನಾನು ಬರೀ ಕಾಫಿ ಕೊಡೋಳು ಮೇಡಂ. ಸಕ್ಕರೆ ಹಾಕ್ಲಾ?" ಎಂದಿದ್ದಳು. ಆ ಹೆಂಗಸು ಪೆನ್ನು ಮುಚ್ಚಿ ಮುಂದಿನವರ ಕಡೆ ತಿರುಗಿದ್ದಳು.

ನಲವತ್ತು ವರ್ಷ. ಆ ಸಾಲು ಒಂದಕ್ಷರವೂ ಮಾಸದೆ ಹಾಗೇ ಇತ್ತು.

ಗುರುವಾರ ಬೆಳಿಗ್ಗೆ ಕಚೇರಿ ತೆರೆಯುತ್ತಿದ್ದಂತೆಯೇ ಫೋನು ಮಾಡಿದಳು. ಅದೇ ಹುಡುಗಿ.

"ಮಗಳೇ, ನಾನು ಮತಗಟ್ಟೆ ಕೆಲಸ ಬಿಡ್ತಿದೀನಿ. ಮೋಕಿ ಫ್ರೇಯ್ಟಸ್‌ಗೆ ಎಲ್ಲ ಗೊತ್ತು. ಅವನನ್ನ ಹಾಕ್ಕೊಳ್ಳಿ."

ಆ ಕಡೆ ಗಾಬರಿ. "ಆಂಟಿ! ಯಾರಾದ್ರೂ ಏನಾದ್ರೂ ಅಂದ್ರಾ? ದೂರು ಗೀರು ಬಂದ್ರೂ ನಾವು ನೋಡ್ಕೋತೀವಿ, ನೀವೇನೂ ತಪ್ಪು ಮಾಡಿಲ್ಲ. ಮೂರು ವಾರಾನೂ ಇಲ್ಲ ಚುನಾವಣೆಗೆ. ಅದು ಮುಗಿದ್ಮೇಲೆ ಬಿಡಿ. ದೊಡ್ಡದಾಗಿ ಸನ್ಮಾನ ಮಾಡೋಣ."

"ಮುಗಿದ್ಮೇಲೆ ಬಿಟ್ರೆ ಏನು ಉಪಯೋಗ? ನಂಗೆ ಒಂದು ಮಾತು ಹೇಳೋದಿದೆ. ಆ ಕುರ್ಚಿ ಮೇಲೆ ಕೂತು ಹೇಳೋ ಹಾಗಿಲ್ಲ. ಅದಕ್ಕೇ ಇಳೀತಿದೀನಿ."

"ಒಂದು ಮಾತಿಗೋಸ್ಕರ ಇಷ್ಟು ವರ್ಷದ್ದು ಬಿಡ್ತೀರಾ?"

"ಮಾತು ಅದಕ್ಕಿಂತ ಹಳೇದು" ಎಂದಳು ಪೂರಿಂಗ್. ಫೋನು ಇಟ್ಟ ಮೇಲೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಚೆನ್ನಾಗಿ ಅತ್ತಳು ಎಂಬುದನ್ನು ಬಚ್ಚಿಡಬೇಕಾದ್ದಿಲ್ಲ. ಆ ಕುರ್ಚಿಯನ್ನು ಆಕೆ ಗಂಡನಿಗಿಂತ ಹೆಚ್ಚು ನಂಬಿದ್ದಳು, ಅದು ಎದುರು ಮಾತಾಡುತ್ತಿರಲಿಲ್ಲವಾದ್ದರಿಂದ ಇನ್ನೂ ಹೆಚ್ಚು ಪ್ರೀತಿಸಿದ್ದಳು.

ಕ್ಯಾಂಪಿನಲ್ಲಿ ಸುದ್ದಿ ನಲ್ಲಿ ನೀರಿಗಿಂತ ಮೊದಲು ಮನೆ ತಲುಪುತ್ತದೆ. ಮುಂದಿನ ಬುಧವಾರ ಹಾಲ್ ತುಂಬಿತ್ತು. ಸಂಘದ ಸದಸ್ಯರಲ್ಲದವರೂ, ಹಿರಿಯರೇ ಅಲ್ಲದವರೂ ತಟ್ಟೆ ಹಿಡಿದು ಬಂದಿದ್ದರು. ಮೋಕಿ ಬಾಗಿಲಲ್ಲೇ ಅಡ್ಡಗಟ್ಟಿದ.

"ಆಂಟಿ, ಮೂವತ್ತೆರಡು ವರ್ಷದ ಪಟ್ಟ ಬಿಟ್ಟು ನನ್ನ ತಲೆಗೆ ಕಟ್ಟಿದ್ರಲ್ಲ! ನಂಗೆ ಆ ಬೀಗ ತೆಗೆಯೋಕೂ ಬರಲ್ಲ."

"ಎಡಕ್ಕೆ ತಿರುಗಿಸಿ ಒಂದು ಗುದ್ದು ಕೊಡ್ಬೇಕು. ನಿಂಗೆ ಕೊಡ್ತಿದ್ನಲ್ಲ, ಹಾಗೇ."

ಊಟಕ್ಕೆ ಮುಂಚೆ ಆಕೆ ಮುಂದೆ ಬಂದು ನಿಂತಳು. ಏಪ್ರನ್ನಿನಲ್ಲಿ ಕೈ ಒರೆಸಿಕೊಂಡಳು. ಕೈ ಒಣಗಿಯೇ ಇತ್ತು. ನಾಲ್ಕು ದಶಕ ಇದೇ ಊರಿನ ಮಕ್ಕಳನ್ನು ಒಂದು ಗದರಿಕೆಗೆ ಸಾಲು ನಿಲ್ಲಿಸಿದ ಗಂಟಲು ಈಗ ಕೈಕೊಟ್ಟಿತು.

"ಕೇಳಿಸ್ತಿಲ್ಲ!" ಎಂದ ಯುಸೇಬಿಯೋ, ಆಕೆ ಇನ್ನೂ ಏನೂ ಹೇಳಿರಲಿಲ್ಲ.

"ಕೇಳ್ಸತ್ತೆ ಇರಿ ಮಾನೋಂಗ್" ಎಂದಳು. ಸಿಟ್ಟು ಬಂದದ್ದೇ ಒಳ್ಳೆಯದಾಯಿತು, ಗಂಟಲು ಬಿಟ್ಟಿತು. "ನಾನು ಹೌದು ಅಂತ ಹಾಕ್ತೀನಿ. ನೀವೂ ಹಾಕಿ ಅಂತ ಹೇಳ್ತಿಲ್ಲ. ನಾನ್ಯಾಕೆ ಹಾಕ್ತೀನಿ ಅಂತ ಹೇಳ್ತಿದೀನಿ."

ಎಪ್ಪತ್ತೆಂಟರ ಕಾಫಿಯ ಕತೆ ಹೇಳಿದಳು. ಗೇಟಿನ ಮಾತು ಹೇಳಿದಳು. ತೊಂಬತ್ತಾರರಲ್ಲಿ ಖಾಲಿ ಬಿಟ್ಟದ್ದನ್ನು, ಮಾರ್ಸೆಲೋ ನಕ್ಕದ್ದನ್ನು ಹೇಳಿದಳು. "ಮಾನೋಂಗ್ ಹೇಳೋದು ಸುಳ್ಳಲ್ಲ. ಪಿಂಚಣಿ ನಂಗೂ ಬರತ್ತೆ, ಭಯ ನಂಗೂ ಇದೆ. ಆದ್ರೆ ಎಪ್ಪತ್ತೆಂಟರಲ್ಲಿ ಆ ಪುಸ್ತಕ ಬರೆದೋರು ಯಾರು? ನಾನೇ ಕಾಫಿ ಕೊಟ್ಟು ನೋಡಿದೀನಿ. ನಮ್ಮ ಹಾಗೇ ಎರಡು ಚಮಚ ಸಕ್ಕರೆ ಹಾಕ್ಕೊಳ್ಳೋ ಜನ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ್ರು. ಅವರ ಕೈಲಿ ಆಗಿದ್ದು ನಮ್ಮ ಕೈಲಿ ಆಗಲ್ಲ ಅಂತ ಯಾಕೆ ಅನ್ಕೋಬೇಕು? ದುಡ್ಡಿನೋರು ಬರ್ತಾರೆ ಅಂತೀರ. ಬರ್ಲಿ. ಕಂಪನಿ ದುಡ್ಡಿನೋರನ್ನ ನೀವು ಮುಷ್ಕರ ಹೂಡಿ ಎದುರಿಸಿದಾಗ ನಿಮ್ಮ ಹತ್ರ ಏನಿತ್ತು ಮಾನೋಂಗ್? ಗಂಜಿ ಪಾತ್ರೆ ಇತ್ತು."

ಯುಸೇಬಿಯೋ ಕೋಲಿನ ಮೇಲೆ ಗದ್ದ ಊರಿ ಕೂತಿದ್ದ.

"ಆ ಗಂಜಿಗೆ ಉಪ್ಪು ಸರಿಯಾಗಿತ್ತು" ಎಂದ ಕೊನೆಗೆ. ಆಮೇಲೆ, ಸ್ವಲ್ಪ ತಗ್ಗಿದ ದನಿಯಲ್ಲಿ: "ನಾನು ಇಲ್ಲ ಅಂತಾನೇ ಹಾಕೋದು. ಆವತ್ತು ಐನೂರು ಜನ ಇದ್ವಿ. ಈಗ ಕ್ಯಾಂಪಲ್ಲಿ ಎಷ್ಟು ಜನ ಇದೀವಿ ಹೇಳು. ಹೋರಾಡಿ ಪಡೆದಿದ್ದನ್ನ ಮತ್ತೆ ಮೇಜಿನ ಮೇಲೆ ಇಡೋ ವಯಸ್ಸಲ್ಲ ನಂದು. ಆದ್ರೆ ಕಾಗದ ಬರೀಲಿಲ್ಲ ನಾನು, ತಿಳ್ಕೋ."

"ಗೊತ್ತು. ಪೆನ್ನು ಕೇಳೋಕೆ ಬರ್ಲಿಲ್ಲವಲ್ಲ ನೀವು."

ಚುನಾವಣೆಯ ದಿನ ಪೂರಿಂಗ್ ಏಳೂವರೆಗೆ ಬಂದು ಸಾಲಿನಲ್ಲಿ ನಿಂತಳು. ಆಕೆಗೆ ಮತಗಟ್ಟೆಯ ಸಾಲು ಗೊತ್ತಿದ್ದದ್ದು ಎದುರಿನಿಂದ. ಹಿಂದಿನಿಂದ ಅದು ಇಷ್ಟು ನಿಧಾನ ಎಂದು ಗೊತ್ತಿರಲಿಲ್ಲ. ಕಾಲೊರಸು ಓರೆಯಾಗಿ ಬಿದ್ದಿತ್ತು. ಸರಿಪಡಿಸಲು ಬಗ್ಗಿದವಳು ಹಾಗೇ ಎದ್ದು ನಿಂತಳು. ಅದು ಈಗ ಮೋಕಿಯ ಕೆಲಸ. ಹಾಲ್‌ನ ಆಚೆ ತುದಿಯಲ್ಲಿ ಮೋಕಿ ಇಸ್ತ್ರಿ ಮಾಡಿದ ಹೂವಿನ ಅಂಗಿಯಲ್ಲಿ ಗಂಭೀರವಾಗಿ ಕೂತಿದ್ದ. ಆಕೆಯ ಸರದಿ ಬಂತು.

"ಹೆಸರು?"

"ಏನೋ, ನನ್ನ ಹೆಸರು ಗೊತ್ತಿಲ್ವೇನೋ ನಿಂಗೆ?"

"ಕೇಳ್ಬೇಕು ಆಂಟಿ. ನೀವೇ ಹೇಳ್ಕೊಟ್ಟಿದ್ದು. ಅಪ್ಪ ಬಂದ್ರೂ ಹೆಸರು ಕೇಳು ಅಂದಿದ್ರಿ."

ಹಿಂದೆ ನಿಂತವರು ಕಿಸಕ್ಕೆಂದರು. ಆಕೆ ಬೆನ್ನು ನೆಟ್ಟಗೆ ಮಾಡಿಕೊಂಡಳು. "ಪುರಿಫಿಕಸಿಯೋನ್ ರಗಾಸಾ" ಎಂದು ಸಾಲಿನ ಕೊನೆಯವರಿಗೂ ಕೇಳುವಂತೆ ಹೇಳಿ, ಗುರುತಿನ ಚೀಟಿ ತೋರಿಸಿ, ಮತಪತ್ರ ತೆಗೆದುಕೊಂಡಳು.

ಮರೆಯ ಮೇಜಿನಲ್ಲಿ ಪ್ರಶ್ನೆ ಓದಿದಳು. ಮತ್ತೊಮ್ಮೆ ಓದಿದಳು. ಪೆನ್ನಿನ ತುದಿಯನ್ನು ಚೌಕದ ನಾಲ್ಕು ಮೂಲೆಗೂ ಒತ್ತಿ ಒತ್ತಿ, ಬಿಳಿ ಚೂರೂ ಉಳಿಯದಂತೆ ತುಂಬಿದಳು. ಯಂತ್ರ ಮತಪತ್ರವನ್ನು ಒಳಗೆ ಎಳೆದುಕೊಂಡಾಗ ಒಂದು ಸಣ್ಣ ಸದ್ದು ಮಾಡುತ್ತದೆ. ಆ ಸದ್ದನ್ನು ಆಕೆ ಸಾವಿರ ಸಲ ಕೇಳಿರಬೇಕು. ಅದು ತನ್ನದು ಎಂದು ಕೇಳಿದ್ದು ಅದೇ ಮೊದಲು.

ಫಲಿತಾಂಶ ಬಂತು. ಸಂವಿಧಾನ ಸಭೆ ಬೇಡವೆಂದು ರಾಜ್ಯ ಭಾರೀ ಬಹುಮತದಿಂದ ಹೇಳಿತ್ತು. ವೈಲೋವಾದಲ್ಲೂ ಅದೇ ಕತೆ. ಮತಗಟ್ಟೆಯ ಅಂಕಿಗಳನ್ನು ಮೋಕಿ ಒಂದು ಹಾಳೆಯಲ್ಲಿ ಬರೆದುಕೊಂಡು ಬುಧವಾರ ಊಟಕ್ಕೆ ತಂದ. 'ಹೌದು' ಎಪ್ಪತ್ತೊಂದು. 'ಇಲ್ಲ' ನೂರ ತೊಂಬತ್ತು. ಖಾಲಿ ಆರು.

"ಸೋತೆ" ಎಂದ ಯುಸೇಬಿಯೋ, ಮೀಸೆಯಡಿ ನಗುತ್ತಾ.

"ಸೋತೆ" ಎಂದಳು ಪೂರಿಂಗ್. ಕನ್ನಡಕ ಸರಿಮಾಡಿಕೊಂಡು ಹಾಳೆಯನ್ನು ಮತ್ತೆ ನೋಡಿದಳು. "ಎಪ್ಪತ್ತೊಂದು ಜನ! ಮಾನೋಂಗ್, ನಾನೊಬ್ಬಳೇ ಅನ್ಕೊಂಡಿದ್ದೆ."

"ಆ ಆರು ಖಾಲಿ ಯಾರ್ದೇ ಪೂರಿಂಗ್?" ತ್ಸುರುಕೊ ಕತ್ತು ಚಾಚಿದಳು. "ನಂದಲ್ಲ. ನಾನು ತುಂಬಿದೀನಿ. ಏನು ಅಂತ ಮಾತ್ರ ಹೇಳಲ್ಲ, ಹಾಗಲಕಾಯಿ ಸೇಡು."

"ಯಾರ್ದಾದ್ರೂ ಆಗ್ಲಿ ಬಿಡೇ. ಗೊತ್ತಿದ್ದೂ ಬಿಟ್ಟಿದ್ರೆ ಅದೂ ಅವರ ಮಾತೇ."

ಯುಸೇಬಿಯೋ ಊಟ ಮುಗಿಸಿ, ತಟ್ಟೆಯನ್ನು ತಾನೇ ಅಡುಗೆಮನೆಗೆ ತಂದ. ಅದು ಅವನು ಹಿಂದೆಂದೂ ಮಾಡದ ಕೆಲಸವಾದ್ದರಿಂದ ಏನೋ ಹೇಳಲು ಬಂದಿದ್ದಾನೆಂದು ಪೂರಿಂಗ್‌ಗೆ ಅರ್ಥವಾಯಿತು.

"ನಿನ್ನ ಆ ಗೇಟಿನ ಸಾಲು" ಎಂದ ತಟ್ಟೆಯನ್ನೇ ನೋಡುತ್ತಾ. "ಅದಕ್ಕೆ ಸಂವಿಧಾನ ಸಭೆಯೇ ಸೇರ್ಬೇಕು ಅಂತೇನಿಲ್ಲ. ಮುಂದಿನ ವಾರ ಲಿಹೂಯೆಯಲ್ಲಿ ಕೌಂಟಿ ಕೌನ್ಸಿಲ್ ಕೂರತ್ತೆ. ಜನ ಹೋಗಿ ಮಾತಾಡ್ಬಹುದು. ಮೂರು ನಿಮಿಷ ಕೊಡ್ತಾರೆ. ಯೂನಿಯನ್ ವ್ಯಾನಿದೆ. ನಾನೂ ಬರ್ತೀನಿ. ನಮ್ಮಪ್ಪನೂ ಆ ದಾರೀಲೇ ಮೀನು ಹಿಡಿಯೋಕೆ ಹೋಗ್ತಿದ್ದ."

"ಮೂರು ನಿಮಿಷಾನಾ?" ಪೂರಿಂಗ್ ನಲ್ಲಿ ನಿಲ್ಲಿಸಿದಳು. "ನನ್ನದು ಒಂದೇ ಸಾಲು ಮಾನೋಂಗ್."

"ಹಾಗಾದ್ರೆ ಉಳಿದ ಸ್ವಲ್ಪ ಹೊತ್ತು ನಂಗೆ ಕೊಡು. ನಂಗೂ ಒಂದೆರಡು ಸಾಲಿದೆ."

"ವ್ಯಾನು ಎಷ್ಟೊತ್ತಿಗೆ?"

"ಏಳಕ್ಕೆ."

"ಆರೂವರೆಗೆ ನಿಲ್ಸಿ. ತ್ಸುರುಕೊ, ಮೋಕಿ ಎಲ್ಲ ಬರ್ತಾರೆ. ಇನ್ನೂ ಯಾರ್ಯಾರ ಹತ್ರ ಏನೇನು ಸಾಲಿದೆಯೋ ಕೇಳ್ಕೊಂಡು ಬರ್ತೀನಿ" ಎಂದು ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿ, ಪಾತ್ರೆಗಳನ್ನು ತೊಟ್ಟಿಯಲ್ಲೇ ಬಿಟ್ಟು, ಪೂರಿಂಗ್ ಊಟದ ಹಾಲ್ ಕಡೆ ಹೊರಟಳು.